ಎಂಟರವರೆಗೆ

ನನ್ನ ಸೊಸೆ ಗೆರೆಗಳಿಗೆ ಬಣ್ಣ ತುಂಬುವ ಕೆಲಸ ಮಾಡುತ್ತಾಳೆ. ಹೀಗೆಂದರೆ ಕೇಳಿದವರು ಅವಳನ್ನು ಚಿತ್ರ ಬರೆಯುವವಳು ಎಂದುಕೊಳ್ಳುತ್ತಾರೆ. ಹಾಗಲ್ಲ. ಯಂತ್ರಗಳು ಅಳೆದು ಕಳಿಸುವ ಅಂಕಿಗಳನ್ನು ಕಂಪ್ಯೂಟರಿನ ಪರದೆಯ ಮೇಲೆ ಗೆರೆಯಾಗಿ ಎಳೆದು, ಅಂಕಿ ಏರಿದಲ್ಲಿ ಒಂದು ಬಣ್ಣ, ಇಳಿದಲ್ಲಿ ಇನ್ನೊಂದು ಬಣ್ಣ ತಾನಾಗಿಯೇ ತುಂಬಿಕೊಳ್ಳುವಂತೆ ಮಾಡುವುದು ಅವಳ ಉದ್ಯೋಗ. ಅದಕ್ಕೆ ಬೇಕಾದ ಸಲಕರಣೆಯೆಲ್ಲ ಒಂದೇ ಕಡೆ ಸಿದ್ಧವಾಗಿ ಸಿಗುತ್ತದಂತೆ. ಅದನ್ನು ಅವರು ಲೈಬ್ರರಿ ಎನ್ನುತ್ತಾರೆ. ಪುಸ್ತಕ ಒಂದೂ ಇಲ್ಲದ ಲೈಬ್ರರಿ. ಮೊದಲ ಸಲ ಕೇಳಿದಾಗ ನಾನು, "ಅಲ್ಲಿ ಜೋರಾಗಿ ಮಾತಾಡಬಹುದೇನೇ?" ಎಂದಿದ್ದೆ. ಆಗ ನನ್ನ ಮಗ ಬದುಕಿದ್ದ. ಗಂಡ ಹೆಂಡತಿ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ಮಗ ತೀರಿಕೊಂಡು ಇದು ಎರಡನೆಯ ವರ್ಷ. ಜ್ವರವೆಂದು ಮಲಗಿದವನು ಏಳಲಿಲ್ಲ. ಅದರ ಬಗ್ಗೆ ಹೆಚ್ಚು ಬರೆಯಲಾರೆ. ಬೆಳಗ್ಗೆ ಎದ್ದು ದೇವರ ಮುಂದೆ ಕೂರುವುದನ್ನು ನಾನು ಬಿಟ್ಟಿಲ್ಲ. ಬೇಡುವುದನ್ನು ಮಾತ್ರ ಬಿಟ್ಟಿದ್ದೆ. ಜೀವಮಾನವೆಲ್ಲ ಬೇಡಿದ್ದು ಒಂದನ್ನೇ, ಅದು ಕೈಬಿಟ್ಟು ಹೋಯಿತು. ಆಮೇಲೆ ಭಗವಂತನ ಹೆಸರು ಹೇಳಿ, ಕೈಮುಗಿದು, ಸುಮ್ಮನೆ ಎದ್ದು ಬರುತ್ತಿದ್ದೆ.

ಸೊಸೆ ವರ್ಷದ ಮಟ್ಟಿಗೆ ಕೆಲಸ ಬಿಟ್ಟಳು. ತವರಿಗೆ ಹೋಗಿ ಇರು ಎಂದೆ. "ಅಲ್ಲಿ ಹೋಗಿ ಯಾರ ಜೊತೆ ಜಗಳ ಆಡ್ಲಿ ಅತ್ತೆ?" ಎಂದು ಉಳಿದುಕೊಂಡಳು. ಮತ್ತೆ ಕೆಲಸಕ್ಕೆ ಹೋಗತೊಡಗಿದಾಗ ಅವಳ ಆಫೀಸಿನವರು ಬಹಳ ಒಳ್ಳೆಯವರಾಗಿಬಿಟ್ಟಿದ್ದರು. ತೊಂದರೆ ಶುರುವಾದದ್ದೇ ಅಲ್ಲಿ. ಅವಳ ಮೇಲಧಿಕಾರಿ ಮೆತ್ತನೆಯ ಮನುಷ್ಯ. ಅವರು ಮಾತನಾಡಿದರೆ ನಮ್ಮ ಕಿವಿಯಲ್ಲಿ ಯಾರೋ ಹತ್ತಿ ಇಟ್ಟ ಹಾಗಿರುತ್ತದೆ. ಆಫೀಸಿನವರು ಬೆನ್ನ ಹಿಂದೆ ಅವರನ್ನು ಹತ್ತಿ ಸಾಹೇಬರೆಂದೇ ಕರೆಯುತ್ತಾರೆ. ಅವರು ಇವಳಿಗೆ ಅಕ್ಷರ ದೊಡ್ಡದು ಮಾಡುವ, ಶೀರ್ಷಿಕೆಯ ಬಣ್ಣ ಬದಲಿಸುವ ಕೆಲಸಗಳನ್ನಷ್ಟೇ ಕೊಡುತ್ತಿದ್ದರು. ಏನು ಮಾಡಿಕೊಟ್ಟರೂ ಚೆನ್ನಾಗಿದೆ ಎನ್ನುತ್ತಿದ್ದರು.

ಒಂದು ಸಂಜೆ ಅವಳು ಚಪ್ಪಲಿ ಬಿಡುವ ಮೊದಲೇ ಶುರುಮಾಡಿದಳು.

"ನಿನ್ನೆ ನಾನು ಬೇಕೂಂತಲೇ ತಪ್ಪು ಮಾಡ್ದೆ ಅತ್ತೆ. ಮೇಲಿನ ಬಣ್ಣ ಕೆಳಗೆ, ಕೆಳಗಿನದು ಮೇಲೆ ಹಾಕಿ ಕಳಿಸ್ದೆ. ಇವತ್ತು ಹೋಗಿ ನೋಡಿದ್ರೆ ಯಾರೋ ಸರಿ ಮಾಡಿಟ್ಟಿದ್ದಾರೆ. ಒಬ್ರೂ ತುಟಿ ಬಿಚ್ಚಲಿಲ್ಲ. ನನ್ನ ಕಂಡು 'ಪಾಪ' ಅನ್ನೋ ಮುಖ ಮಾಡಿದ್ರು, ಅಷ್ಟೆ."

"ನಿನ್ನ ಮೇಲೆ ಪ್ರೀತಿ ಕಣೇ."

"ಪ್ರೀತಿಯಂತೆ! ಬೈಯೋರೇ ಇಲ್ದೆ ಹೋದ್ರೆ ಬದುಕಿದ್ದೂ ಸತ್ತ ಹಾಗೇನೆ" ಎಂದವಳು ನಾಲಿಗೆ ಕಚ್ಚಿಕೊಂಡಳು. ನಾನು ಕೇಳದವಳ ಹಾಗೆ ತಟ್ಟೆ ಒರೆಸುತ್ತ ನಿಂತೆ. ಆದರೆ ಆ ಮಾತು ನನ್ನೊಳಗೆ ಕೂತಿತು. ನಮ್ಮ ಮಾತಿನಲ್ಲಿ ಕೆಟ್ಟ ಕೆಲಸಕ್ಕೂ ಪಾಪವೆನ್ನುತ್ತೇವೆ, ಮರುಕಕ್ಕೂ ಪಾಪವೆನ್ನುತ್ತೇವೆ. ಏನೂ ಕೆಟ್ಟದ್ದು ಮಾಡದ ಹುಡುಗಿ ಆ ಒಂದು ಪದವನ್ನು ಹೊತ್ತುಕೊಂಡು ತಿರುಗುತ್ತಿದ್ದಳು.

ಇಂಥ ಹೊತ್ತಿನಲ್ಲಿ ಔಷಧಿಯ ಶೀತಲ ಉಗ್ರಾಣದ ಕೆಲಸ ಬಂತು. ನಾನು ಕೂದಲು ನರೆಯುವವರೆಗೆ ದುಡಿದ ಜಾಗ ಅದು. ಲಸಿಕೆಗಳನ್ನೂ ಕೆಲವು ಔಷಧಿಗಳನ್ನೂ ತಂಪಿನಲ್ಲಿಟ್ಟು, ಊರಿನ ಆಸ್ಪತ್ರೆಗಳಿಗೆ ಹಂಚುವುದು ಅಲ್ಲಿನ ಕೆಲಸ. ತಂಪು ಹೆಚ್ಚಾದರೆ ಔಷಧಿ ಹೆಪ್ಪುಗಟ್ಟಿ ಕೆಡುತ್ತದೆ, ಕಡಿಮೆಯಾದರೆ ಬೆಚ್ಚಗಾಗಿ ಕೆಡುತ್ತದೆ. ಈಗ ಅಲ್ಲಿನ ಮೇಲ್ವಿಚಾರಕಿ ನನ್ನ ಕೈಕೆಳಗೆ ಕಲಿತವಳು. ಯಾರು ಎದುರಾದರೂ ಕುಶಲ ಕೇಳುವ ಮೊದಲು "ಮೀಟರ್ ಎಷ್ಟಿದೆ?" ಎಂದು ಕೇಳುವುದರಿಂದ ಅವಳಿಗೆ ಮೀಟರಮ್ಮ ಎಂಬ ಹೆಸರು ಬಿದ್ದಿದೆ. ಕೋಣೆಯ ಉಷ್ಣತೆಯನ್ನು ದೂರದಿಂದಲೇ ತಿಳಿಯುವಂಥ ಪರದೆಯೊಂದು ತನಗೆ ಬೇಕೆಂದು ಅವಳು ಸೊಸೆಯ ಆಫೀಸಿಗೆ ಹೇಳಿಕಳಿಸಿದ್ದಳು. ಅಲ್ಲಿ ಬೇರೆ ಯಾರಿಗೂ ಬಿಡುವಿರಲಿಲ್ಲವಾಗಿ ಕೆಲಸ ಇವಳ ಪಾಲಿಗೆ ಬಂತು.

ಅವಳು ಅದನ್ನು ಮನೆಗೂ ಹೊತ್ತು ತಂದಳು. ಊಟದ ಮೇಜಿನ ಮೇಲೆ ಕಂಪ್ಯೂಟರ್ ತೆರೆದು ಕೂತರೆ, ನಾನು ಎದುರಿಗೆ ಸೊಪ್ಪು ಬಿಡಿಸುತ್ತ ಕೂರುತ್ತಿದ್ದೆ.

"ನೋಡಿ ಅತ್ತೆ. ಈ ಗೆರೆ ಕೋಣೆಯ ಉಷ್ಣತೆ. ಎಲ್ಲಿ ಎಂಟು ಡಿಗ್ರಿ ದಾಟ್ತೋ ಅಲ್ಲಿ ಗೆರೆಯ ಕೆಳಗೆಲ್ಲ ಕೆಂಪು ತುಂಬು ಅಂತ ಹೇಳ್ತೀನಿ. ಎರಡಕ್ಕಿಂತ ಕೆಳಗೆ ಬಿತ್ತೋ, ನೀಲಿ. ನಡುವೆ ಇದ್ರೆ ಹಸಿರು. ದೂರದಲ್ಲಿ ನಿಂತೋರಿಗೆ ಅಂಕಿ ಓದೋ ಗೋಜೇ ಇಲ್ಲ."

ನಾನು ಕನ್ನಡಕ ಏರಿಸಿ ನೋಡಿದೆ. "ಹಸಿರು ಕೆಂಪು ಸೇರೋ ಕಡೆ ಇದೇನೇ ಬಿಳಿ? ಹಲ್ಲು ಬಿದ್ದ ಹಾಗಿದೆ."

"ಅಯ್ಯೋ, ಅದಾ? ಅದು ಎಲ್ರಿಗೂ ಆಗೋದೇ. ಅಳತೆ ಬರೋದು ಚುಕ್ಕಿ ಚುಕ್ಕಿಯಾಗಿ. ಒಂದು ಚುಕ್ಕಿ ಗಡಿಯ ಈಚೆ, ಮುಂದಿನದು ಆಚೆ. ನಡುವಿನ ತುಂಡು ಯಾರದ್ದು ಅಂತ ಲೈಬ್ರರಿಗೆ ಗೊತ್ತಾಗಲ್ಲ, ಬಿಟ್ಟುಬಿಡುತ್ತೆ. ಗೆರೆ ಗಡಿಯನ್ನ ಎಲ್ಲಿ ಮುಟ್ಟಿತು ಅಂತ ನೀನೇ ಲೆಕ್ಕ ಹಾಕಿ ತುಂಬಪ್ಪ ಅಂತ ಹೇಳ್ಬೇಕು." ಅವಳು ತಾನು ಬರೆದ ಸಾಲಿಗೆ ಒಂದು ಪದ ಸೇರಿಸಿದಳು. ಬಿಳಿ ಹಲ್ಲು ಮಾಯವಾಯಿತು. ಹಸಿರೂ ಕೆಂಪೂ ಒಂದಕ್ಕೊಂದು ಅಂಟಿಕೊಂಡು ನಿಂತವು.

"ಗಡಿ ಎಷ್ಟರಿಂದ ಎಷ್ಟು ಅಂತ ಸರಿಯಾಗಿ ಕೇಳಿದ್ದೀಯಾ?"

"ಕೇಳಿದ್ದೀನಿ. ನಿಮ್ಮ ಮೀಟರಮ್ಮ ಹೇಳಿದ್ರು, ಎರಡರಿಂದ ಎಂಟರವರೆಗೆ."

ನಾವೂ ಹಾಗೆಯೇ ಹೇಳುತ್ತಿದ್ದೆವು. ನಾನು ತಲೆಯಾಡಿಸಿ ಸೊಪ್ಪಿಗೆ ಕೈಹಚ್ಚಿದೆ.

ಪರದೆಯನ್ನು ಉಗ್ರಾಣದಲ್ಲಿ ತೋರಿಸುವ ದಿನ ನಿಶ್ಚಯವಾಯಿತು. ಮೀಟರಮ್ಮ ನನಗೂ ಫೋನ್ ಮಾಡಿ, "ಅಮ್ಮಾ, ನೀವೂ ಬನ್ನಿ, ಎಷ್ಟು ದಿನ ಆಯ್ತು ಈ ಕಡೆ ಕಾಲಿಟ್ಟು" ಎಂದಳು. ನಾನು ಹೊರಡುವೆನೆಂದಾಗ ಸೊಸೆಯ ಮುಖ ಚಿಕ್ಕದಾಯಿತು.

"ನೀವು ಬರ್ಬೇಡಿ ಅತ್ತೆ. ನಿಮ್ಮ ಮುಖ ನೋಡಿ ಒಪ್ಪಿಬಿಡ್ತಾರೆ. ಇದೊಂದು ಕೆಲಸ ಆದ್ರೂ ಕೆಲಸ ಅಂತ ನೋಡ್ಲಿ. ಚೆನ್ನಾಗಿಲ್ದಿದ್ರೆ ಮುಖಕ್ಕೆ ಎಸೀಲಿ. ಆದರೆ ಪಾಪ ಅಂತ ಇಟ್ಕೊಳ್ಳೋದು ಬೇಡ."

"ನಾನು ಮೂಲೆಯಲ್ಲಿ ಕೂತ್ಕೋತೀನಿ. ಬಾಯಿ ತೆಗೆದ್ರೆ ಕೇಳು."

"ನಿಮ್ಮ ಬಾಯಿ ನಿಮ್ಮ ಮಾತು ಯಾವಾಗ ಕೇಳಿದೆ?"

ಆದರೂ ಕರೆದುಕೊಂಡು ಹೋದಳು. ಆ ಬೆಳಗ್ಗೆ ದೇವರ ಮುಂದೆ ಕೂತಾಗ ಬಹಳ ದಿನದ ಮೇಲೆ ಬೇಡಬೇಕೆನಿಸಿತು. ಅವಳಿಗೆ ಜಯ ಕೊಡು ಎಂದು ಕೇಳಲು ಹೋದೆ, ಬಾಯಿ ಬರಲಿಲ್ಲ. ಕೊನೆಗೆ ಹೀಗೆ ಕೇಳಿದೆ: ತಂದೆ, ಅವಳು ತಪ್ಪಿದರೆ ತಪ್ಪಿದೆ ಎಂದು ಹೇಳುವ ಒಬ್ಬರನ್ನು ಅವಳಿಗೆ ಕೊಡು. ಇಂಥ ಪ್ರಾರ್ಥನೆಯನ್ನು ದೇವರು ಹಿಂದೆ ಕೇಳಿರಲಿಕ್ಕಿಲ್ಲ.

ಉಗ್ರಾಣದ ಮುಂಗೋಣೆ ಹಾಗೆಯೇ ಇತ್ತು. ಗೋಡೆಯ ಮೊಳೆಗಳಲ್ಲಿ ದಪ್ಪ ಕೋಟುಗಳು, ಒದ್ದೆ ರಟ್ಟಿನ ವಾಸನೆ, ಗೋಡೆಯಾಚೆ ಯಂತ್ರದ ಗೊರಗೊರ. ಶೀತಲ ಕೋಣೆಯ ದಪ್ಪ ಬಾಗಿಲು ಪೆಟ್ಟಿಗೆಗಳ ಗಾಡಿಗಾಗಿ ಒಮ್ಮೆ ತೆರೆದಾಗ ಬಿಳಿಯ ಆವಿ ನೆಲದ ಮೇಲೆ ಹರಿದು ಬಂದು ನನ್ನ ಪಾದ ಮುಟ್ಟಿತು. ಹಳೆಯ ನಾಯಿ ಗುರುತು ಹಿಡಿದಂತಾಯಿತು. ಗಾಡಿ ತಳ್ಳುತ್ತಿದ್ದವನು ಉದ್ದಣ್ಣ. ಬಾಗಿಲಿಗಿಂತ ಗೇಣುದ್ದ ಹೆಚ್ಚಿರುವ, ನನ್ನ ಕಾಲದಿಂದಲೂ ಅಲ್ಲೇ ಇರುವ ಹಮಾಲಿ.

"ಅಮ್ಮಾವ್ರೇ! ನಿಮ್ಮ ಕೋಟು ಯಾರಿಗೂ ಕೊಟ್ಟಿಲ್ಲ ನೋಡಿ."

"ಕೊಡೋದಕ್ಕೆ ಅದರಲ್ಲಿ ಏನುಳಿದಿದೆಯೋ, ತೂತು ಬಿಟ್ರೆ?"

ಮೀಟರಮ್ಮ ಬಂದಳು. ಸೊಸೆಯನ್ನು ನೋಡಿದಳು, ಪರದೆಯನ್ನು ನೋಡಿದಳು. "ಮೀಟರ್ ಎಷ್ಟಿದೆ?" ಎಂದಳು. ಹತ್ತಿ ಸಾಹೇಬರು ಕೂಡ ಬಂದಿದ್ದರು. ಕೋಟು ಹಾಕಿಕೊಂಡು ನಡುಗುತ್ತ ನಿಂತಿದ್ದರು. ನಾನು ಮೂಲೆಯ ಖಾಲಿ ಪೆಟ್ಟಿಗೆಯ ಮೇಲೆ ಕೂತೆ.

ಸೊಸೆ ಉಗ್ರಾಣದ ಮೀಟರು ಕಳೆದ ವಾರವೆಲ್ಲ ಅಳೆದಿದ್ದ ಅಂಕಿಗಳನ್ನು ತನ್ನ ಯಂತ್ರಕ್ಕೆ ಹಾಕಿದಳು. ಪರದೆಯ ಮೇಲೆ ಗೆರೆ ಎದ್ದಿತು. ಅದರ ಕೆಳಗೆ ಹಸಿರು ಹರಡಿತು. ಗದ್ದೆ ಕಂಡ ಹಾಗೆ ಕಣ್ಣಿಗೆ ತಂಪಾಯಿತು. ಒಂದು ಕಡೆ ಮಾತ್ರ, ಹಸಿರಿನ ನಡುವೆ, ಬಾಗಿಲಿನಷ್ಟು ಅಗಲ ಬಿಳಿ ನಿಂತಿತ್ತು. ಮನೆಯಲ್ಲಿ ಕಂಡಿದ್ದು ಸಣ್ಣ ಹಲ್ಲು. ಇದು ನಿಚ್ಚಳವಾದ ಪಟ್ಟಿ.

"ಇದೇನಮ್ಮ?" ಎಂದಳು ಮೀಟರಮ್ಮ.

ಸೊಸೆ ಬಗ್ಗಿ ನೋಡಿದಳು.

"ಆವತ್ತು ಲಾರಿ ಇಳಿಸೋಕೆ ಬಾಗಿಲು ತೆಗೆದಿದ್ವಿ. ಎಂಟಕ್ಕೆ ಬಂದು ಅಲ್ಲೇ ನಿಂತಿತ್ತು. ಮೇಲೆ ಹೋಗಲಿಲ್ಲ. ನೀವು ಬಿಳಿ ತೋರಿಸ್ತಿದ್ದೀರಿ. ಬಿಳಿ ಅಂದ್ರೆ ನಮ್ಮೋರು ಮೀಟರ್ ಕೆಟ್ಟಿದೆ ಅಂದ್ಕೊಂಡು ಮೆಕ್ಯಾನಿಕ್ಕನ್ನ ಕರೆಯೋಕೆ ಓಡ್ತಾರೆ. ಅಷ್ಟರಲ್ಲಿ ಔಷಧಿ ಕಥೆ ಮುಗೀತು. ಇದು ಕೆಲಸಕ್ಕೆ ಬಾರದು ಕಣಮ್ಮ. ಇದಕ್ಕಿಂತ ಗೋಡೆ ಮೇಲಿನ ಹಳೇ ಮೀಟರಿನ ಮುಳ್ಳೇ ವಾಸಿ."

ಹತ್ತಿ ಸಾಹೇಬರು ಒಂದು ಹೆಜ್ಜೆ ಮುಂದೆ ಬಂದರು. "ಮೇಡಂ, ಸ್ವಲ್ಪ ನೋಡಿ... ಪಾಪ, ಅವರಿಗೆ ಮನೇಲಿ..."

"ಸಾರ್," ಎಂದಳು ಸೊಸೆ. ಅವಳ ದನಿ ಗಟ್ಟಿಯಾಗಿಯೇ ಇತ್ತು. "ಪಾಪ ಗೀಪ ಏನಿಲ್ಲ. ತಪ್ಪು ನಂದು. ಅವ್ರು ಹೇಳ್ತಿರೋದು ಸರಿ. ಹೇಳೋಕೆ ಬಿಡಿ."

ನನ್ನ ಗಂಟಲವರೆಗೆ ಮಾತು ಬಂದಿತ್ತು; ಸೆರಗು ಬಾಯಿಗೆ ಒತ್ತಿ ಹಿಡಿದೆ. ಹತ್ತಿ ಸಾಹೇಬರು ಹಿಂದೆ ಸರಿದರು. ಮೀಟರಮ್ಮ ಇವಳ ಮುಖವನ್ನು ಮೊದಲ ಸಲ ಸರಿಯಾಗಿ ನೋಡಿದಳು.

ಸೊಸೆ ತಾನು ಬರೆದ ಸಾಲುಗಳನ್ನು ತೆರೆದು ಬೆರಳಿಟ್ಟು ಓದಿದಳು. ಸ್ವಲ್ಪ ಹೊತ್ತಿಗೆ ಹಣೆ ಬಡಿದುಕೊಂಡಳು. "ಸಿಕ್ತು. ನೀವು ಎಂಟರವರೆಗೆ ಅಂದ್ರಿ. ನಮ್ಮ ಕಸುಬಿನಲ್ಲಿ ಎಂಟರವರೆಗೆ ಎಣಿಸು ಅಂದ್ರೆ ಏಳಕ್ಕೆ ನಿಲ್ತೀವಿ. ಎಂಟು ಬಂತು ಅಂದ್ರೆ ಮುಗೀತು ಅಂತ ಲೆಕ್ಕ. ಅದೇ ಅಭ್ಯಾಸ ನನಗೆ. ಹಸಿರು ಎಂಟಕ್ಕಿಂತ ಕಡಿಮೆ ಇದ್ದಾಗ, ಕೆಂಪು ಎಂಟಕ್ಕಿಂತ ಹೆಚ್ಚಾದಾಗ ಅಂತ ಬರೆದಿದ್ದೀನಿ. ಸರಿಯಾಗಿ ಎಂಟೇ ಆದ್ರೆ ಅದು ಯಾರ ಮನೆಯದ್ದೂ ಅಲ್ಲ, ನಡುಬೀದಿಯಲ್ಲಿ ನಿಂತಿದೆ."

"ಏಳಕ್ಕೇ ನಿಲ್ತೀರಾ?" ಉದ್ದಣ್ಣ ಬೆರಗಾದ. "ಹಾಗಾದ್ರೆ ಬಾಗಿಲವರೆಗೆ ಬಿಟ್ಟು ಬಾ ಅಂದ್ರೆ ದಾರೀಲೇ ಬಿಟ್ಟು ಬರ್ತೀರಾ?"

ಸೊಸೆಯೇ ಮೊದಲು ನಕ್ಕಳು. "ಮನೇಲಿ ನಾನೇ ಹುಟ್ಟಿಸಿಕೊಂಡ ಅಂಕಿಗಳಲ್ಲಿ ನೋಡಿದ್ದೆ. ಅವುಗಳಿಗೆಲ್ಲ ದಶಮಾಂಶದ ಚುಕ್ಕಿಯ ಮುಂದೆ ಉದ್ದ ಬಾಲ ಇತ್ತು. ಎಂಟು ಎಂಟಾಗಿಯೇ ಒಂದು ಸಲವೂ ಬರಲಿಲ್ಲ. ನಿಮ್ಮ ಮೀಟರ್ ಅರ್ಧರ್ಧ ಡಿಗ್ರಿ ಹೇಳುತ್ತೆ, ಇಲ್ಲಿ ಎಂಟು ದಿನಾ ಬರುತ್ತೆ. ಮೊದಲೇ ಇಲ್ಲಿಯ ಅಂಕಿ ಕೇಳ್ಬೇಕಿತ್ತು, ಕೇಳಲಿಲ್ಲ."

"ಕೇಳ್ಬೇಕಿತ್ತು" ಎಂದಳು ಮೀಟರಮ್ಮ.

"ಈಗ ಕೇಳ್ತೀನಿ. ಎಂಟು ಒಳಗೋ ಹೊರಗೋ?"

"ಒಳಗೇ" ಎಂದ ಉದ್ದಣ್ಣ. "ಎಂಟರಲ್ಲಿ ಔಷಧಿಗೆ ಏನೂ ಆಗಲ್ಲ."

"ಒಳಗೆ ಅಂತ ಕಾಲು ಚಾಚಿ ಕೂತ್ಕೊಳ್ಳೋ ಹಾಗಿಲ್ಲ" ಎಂದು ಮೀಟರಮ್ಮ ಅವನ ಮೇಲೆ ತಿರುಗಿದಳು. "ಎಂಟು ಕಂಡ ಮೇಲೂ ಕೂತಿದ್ದವನನ್ನ ನಾನು ಸುಮ್ನೆ ಬಿಡಲ್ಲ."

"ಅಂದ್ರೆ ಹೊರಗಾ?"

"ಹೊರಗೆ ಅಂದ್ನಾ ನಾನು?"

ವಾದ ಬೆಳೆಯಿತು. ಇಷ್ಟು ವರ್ಷ ನಾವೆಲ್ಲ ಒಂದೇ ಮಾತನ್ನು ಹೇಳಿಕೊಂಡು, ಒಬ್ಬೊಬ್ಬರೂ ಒಂದೊಂದು ಅರ್ಥ ಇಟ್ಟುಕೊಂಡಿದ್ದೆವೆಂದು ನನಗೆ ಆಗ ತಿಳಿಯಿತು. ಮೀಟರಮ್ಮ ಬೇಸತ್ತು ನನ್ನತ್ತ ನೋಡಿದಳು. "ನೀವೇ ಹೇಳಿ ಅಮ್ಮ. ನಿಮ್ಮ ಮಾತೇ ಕೊನೆ."

ಎಲ್ಲರೂ ತಿರುಗಿದರು. ಸೊಸೆಯೂ ತಿರುಗಿದಳು; ಅವಳ ಕಣ್ಣಿನಲ್ಲಿ ಬೇಡ ಎಂಬುದು ಕಾಣುತ್ತಿತ್ತು. ನಾನು ಹೇಳಿದ್ದರೆ ಒಪ್ಪುತ್ತಿದ್ದರು, ಚಹಾ ಕುಡಿದು ಮನೆಗೆ ಹೋಗುತ್ತಿದ್ದೆವು.

"ನನ್ನ ಕೋಟು ಮೊಳೆಯ ಮೇಲಿದೆ ಕಣೇ, ಮೈಮೇಲಿಲ್ಲ" ಎಂದೆ. "ಜವಾಬ್ದಾರಿ ನಿಂದು, ಹೇಳೋಳು ನೀನು. ಮಾಡೋಳು ಅವಳು. ನನ್ನನ್ನ ಯಾಕೆ ಎಳೀತೀರಿ?"

ಸೊಸೆ ಮೀಟರಮ್ಮನ ಕಡೆ ತಿರುಗಿ ಬೇರೊಂದು ಪ್ರಶ್ನೆ ಕೇಳಿದಳು. ಒಳಗೋ ಹೊರಗೋ ಎಂದು ಮತ್ತೆ ಕೇಳಲಿಲ್ಲ. "ಎಂಟಾದಾಗ ನೀವು ಏನು ಮಾಡ್ತೀರಿ?" ಎಂದಳು.

"ಏಳ್ತೀನಿ. ಬಾಗಿಲ ಹತ್ರ ಹೋಗ್ತೀನಿ."

"ಏಳಾದಾಗ?"

"ತಿರುಗಿ ನೋಡ್ತೀನಿ."

"ಐದಾದಾಗ?"

"ಐದಾದಾಗ ಯಾರು ನೋಡ್ತಾರೆ? ಚಹಾ ಕುಡೀತೀನಿ."

"ಎಂಟು ದಾಟಿದ್ರೆ?"

"ಓಡ್ತೀನಿ. ಇವನನ್ನೂ ಬೈಕೊಂಡು ಓಡ್ತೀನಿ."

"ಹಾಗಾದ್ರೆ ನಿಮಗೆ ಮೂರು ಬಣ್ಣ ಸಾಲಲ್ಲ" ಎಂದಳು ಸೊಸೆ. "ಐದರ ಹತ್ರ ಹಸಿರು ತೆಳು ಇರಲಿ. ಏರ್ತಾ ಏರ್ತಾ ಗಾಢ ಆಗ್ಲಿ. ಎಂಟು ಹಸಿರೇ, ಆದರೆ ಅದಕ್ಕಿಂತ ಗಾಢ ಹಸಿರು ಇಲ್ಲ ಅನ್ನೋ ಹಾಗೆ. ಎಂಟು ಮೀರಿದ ಕೂಡಲೇ ಕೆಂಪು. ಎರಡರ ಕಡೆಗೂ ಹೀಗೇ. ಆಗ ನಿಮ್ಮೋರಿಗೆ ಯಾವಾಗ ತಿರುಗಿ ನೋಡ್ಬೇಕು, ಯಾವಾಗ ಏಳ್ಬೇಕು ಅಂತ ಬಣ್ಣವೇ ಹೇಳುತ್ತೆ."

ಹತ್ತಿ ಸಾಹೇಬರು, "ನಾಳೆ ನಾಡಿದ್ದರಲ್ಲಿ ಮಾಡಿಕೊಟ್ಟರೆ..." ಎಂದರು.

"ನಾಳೆ ಯಾಕೆ? ಬರುತ್ತೆ ಅಂದ್ರೆ ಈಗ್ಲೇ ಮಾಡ್ಲಿ" ಎಂದಳು ಮೀಟರಮ್ಮ.

ಸೊಸೆ ಉದ್ದಣ್ಣನಿಂದ ಒಂದು ಪೆಟ್ಟಿಗೆ ಕೇಳಿ ಪಡೆದು ನನ್ನ ಪಕ್ಕದಲ್ಲೇ ಹಾಕಿಕೊಂಡು ಕೂತಳು. ಕಂಪ್ಯೂಟರ್ ತೊಡೆಯ ಮೇಲೆ. ಚಳಿಗೆ ಬೆರಳುಗಳು ಸೆಡೆತಿದ್ದವು. ಬಾಯಿಂದ ಊದಿ ಊದಿ ಬೆಚ್ಚಗೆ ಮಾಡಿಕೊಳ್ಳುತ್ತ ಬರೆದಳು. ಇಡೀ ಬಯಲಿಗೆ ಒಂದೇ ಬಣ್ಣ ಬಳಿಯುವುದನ್ನು ಬಿಟ್ಟು, ಪ್ರತಿ ಅಳತೆಗೂ ಅದರ ಬೆಲೆಯಂತೆ ಬಣ್ಣ ಆರಿಸುವಂತೆ ಮಾಡಬೇಕಿತ್ತು ಎಂದು ನನಗೆ ಆಮೇಲೆ ತಿಳಿಸಿ ಹೇಳಿದಳು. ಆಗ ನನಗೆ ಕಂಡದ್ದು ಅವಳ ಮುಖವಷ್ಟೇ. ಹುಬ್ಬು ಗಂಟಿಕ್ಕಿತ್ತು, ತುಟಿ ಏನೋ ಗೊಣಗುತ್ತಿತ್ತು, ಮೂಗಿನ ತುದಿ ಕೆಂಪಾಗಿತ್ತು. ಮಧ್ಯೆ ಒಮ್ಮೆ ಎಲ್ಲ ತಲೆಕೆಳಗಾಗಿ ಪರದೆ ತುಂಬ ನೇರಳೆ ಬಣ್ಣ ಬಂತು. "ಬದನೆಕಾಯಿ!" ಎಂದ ಉದ್ದಣ್ಣ. "ತಡ್ಕೊಳ್ರೀ" ಎಂದು ಅವನನ್ನು ಗದರಿಸಿದಳು. ಅವಳು ಒಬ್ಬರನ್ನು ಗದರಿಸಿದ್ದನ್ನು ಕೇಳಿ ಎಷ್ಟು ಕಾಲವಾಗಿತ್ತೋ!

ಕೊನೆಗೆ ಎದ್ದು, "ಪರೀಕ್ಷೆ ಮಾಡಿ" ಎಂದಳು.

"ಬಾಗಿಲು ತೆಗೀಲಾ?" ಎಂದ ಉದ್ದಣ್ಣ.

"ನಿನ್ನ ತಲೆ ತೆಗೀತೀನಿ" ಎಂದಳು ಮೀಟರಮ್ಮ. ಔಷಧಿ ಸಾಗಿಸುವ ಖಾಲಿ ತಂಪುಡಬ್ಬಿಯೊಂದನ್ನು ತರಿಸಿ, ಅದರೊಳಗೆ ಹಿಮದ ಚೀಲಗಳ ನಡುವೆ ಉಷ್ಣತೆ ಅಳೆಯುವ ಮೀಟರಿನ ಇನ್ನೊಂದು ತಂತಿಯನ್ನಿಟ್ಟು ಮುಚ್ಚಿದಳು. ಗೆರೆ ಇಳಿದು ಐದರ ಹತ್ತಿರ ನಿಂತಿತು. ಪರದೆಯ ಮೇಲೆ ಎಳೆಯ ಎಲೆಯ ಹಸಿರು. ಅವಳು ಮುಚ್ಚಳ ತೆರೆದು ತಂತಿಯನ್ನು ಮೆಲ್ಲಗೆ ಮೇಲಕ್ಕೆತ್ತಿದಳು. ಗೆರೆ ಏರತೊಡಗಿತು. ಹಸಿರು ಬಲಿಯಿತು. ಏಳಾಯಿತು, ಹತ್ತಿ ಸಾಹೇಬರು ತಮಗೆ ತಿಳಿಯದೆಯೇ ತಿರುಗಿ ನೋಡಿದರು. ಗೆರೆ ಎಂಟಕ್ಕೆ ಬಂದು ನಿಂತಿತು. ಬಿಳಿ ಇಲ್ಲ. ಕಾಡಿನೊಳಗಿನ ಹಸಿರಿನಂತೆ ಕಪ್ಪಿಟ್ಟ ದಟ್ಟ ಹಸಿರು. ನಾನು ಕೂತಿದ್ದ ಪೆಟ್ಟಿಗೆಯಿಂದ ಎದ್ದಿದ್ದೆ. ಯಾರೂ ಏಳು ಎಂದು ಹೇಳಿರಲಿಲ್ಲ. ಮರುಕ್ಷಣ ಪರದೆ ಕೆಂಪಾಯಿತು.

ಮೀಟರಮ್ಮ ತಂತಿಯನ್ನು ಒಳಗಿಟ್ಟು, ಮತ್ತೆ ಎತ್ತಿ, ಮತ್ತೆ ಇಟ್ಟು ನೋಡಿದಳು. ಬೇಕೆಂದೇ ಎಂಟರಲ್ಲಿ ನಿಲ್ಲಿಸಿ ಕಾದಳು. ಹಸಿರು ಅಲ್ಲಾಡಲಿಲ್ಲ.

"ಹೂಂ" ಎಂದಳು. ಅವಳ ಬಾಯಿಂದ ಅದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿಲ್ಲ. ಆಮೇಲೆ ಸೊಸೆಯ ಕಡೆ ಬೆರಳು ತೋರಿಸಿ, "ಒಳಗಡೆ ಇನ್ನೊಂದು ಕೋಣೆ ಇದೆ, ಹೆಪ್ಪುಗಟ್ಟಿಸೋದು. ಅಲ್ಲಿ ಸೊನ್ನೆಯ ಕೆಳಗಿನ ಲೆಕ್ಕ. ಅದನ್ನೂ ನೀನೇ ಮಾಡ್ಬೇಕು. ಈ ಸಲ ಮೊದಲೇ ಬಂದು ಅಂಕಿ ತಗೊಂಡು ಹೋಗು. ಮತ್ತೆ ಬಿಳಿ ಗಿಳಿ ತೋರಿಸಿದ್ರೆ ಮಾತ್ರ ನಾನು ಸುಮ್ನಿರಲ್ಲ" ಎಂದಳು. ಬಹುವಚನ ಹೋಗಿ ಏಕವಚನ ಬಂದಿತ್ತು. ಅವಳು ಏಕವಚನದಲ್ಲಿ ಕರೆಯುವುದು ತನ್ನ ಕೆಲಸದವರನ್ನು ಮಾತ್ರ.

"ಬರ್ತೀನಿ" ಎಂದಳು ಸೊಸೆ. "ಆದರೆ ಮೀಟರ್ ಅಳತೆ ಕಳಿಸೋದು ತಡ ಆದ್ರೆ ನಾನೂ ಸುಮ್ನಿರಲ್ಲ."

ಹತ್ತಿ ಸಾಹೇಬರು ಗಾಬರಿಯಿಂದ ಇಬ್ಬರ ಮುಖವನ್ನೂ ನೋಡಿದರು. ಉದ್ದಣ್ಣ ನನ್ನ ಕಿವಿಯ ಬಳಿ ಬಗ್ಗಿ, "ಈ ಹುಡುಗಿ ಯಾರ ಪೈಕಿ ಅಮ್ಮಾವ್ರೇ?" ಎಂದ. ಅವನು ಮಗನ ಸಾವಿಗೆ ಬಂದವನೇ. ಅಂದು ತಲೆಬಗ್ಗಿಸಿ ಕೂತಿದ್ದವಳನ್ನು ಇಂದು ಗುರುತು ಹಿಡಿದಿರಲಿಲ್ಲ. ನನಗೆ ಹೆಮ್ಮೆಯಾಯಿತು. ಮಗ ಇದನ್ನು ನೋಡಬೇಕಿತ್ತು ಎಂಬುದೂ ಅದರ ಜೊತೆಗೇ ಬಂತು. ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ನಿಂತೆ.

"ನಮ್ಮನೆಯವಳು ಕಣೋ" ಎಂದೆ.

ಬಸ್ಸಿನಲ್ಲಿ ಸೊಸೆ ದಾರಿಯುದ್ದಕ್ಕೂ ಮೀಟರಮ್ಮನನ್ನು ಬೈದಳು. ಎಂಥ ಬಾಯಿ, ಎಂಥ ಹಟ, ಮನುಷ್ಯರನ್ನು ಕಂಡ ಹಾಗೇ ಇಲ್ಲ ಎಂದು. ಬೈಯುತ್ತಲೇ ಚೀಲದಿಂದ ಒಂದು ಕಾಗದ ತೆಗೆದು ಹೊಸ ಕೋಣೆಯ ಬಣ್ಣಗಳನ್ನು ಗೀಚತೊಡಗಿದಳು. ಮರುದಿನ ಹತ್ತಿ ಸಾಹೇಬರು ಅವಳ ಮೇಜಿನ ಬಳಿ ಬಂದು, ಮೆತ್ತಗೇ ಆದರೂ ಕಣ್ಣು ತಪ್ಪಿಸದೆ, ಉಗ್ರಾಣದ ಅಂಕಿಗಳನ್ನು ಮೊದಲೇ ತರಿಸದಿದ್ದುದು ತಪ್ಪೆಂದು ಹೇಳಿದರಂತೆ. ಅದನ್ನು ನನಗೆ ಹೇಳುವಾಗ, ಬಹುಮಾನ ಬಂದ ಸುದ್ದಿ ಹೇಳುವವಳಂತೆ ಹೇಳಿದಳು.

ಮೊನ್ನೆ ನಾನು ಒಲೆಯ ಮುಂದಿದ್ದಾಗ ಅವಳ ಫೋನ್ ಬಡಿದುಕೊಂಡಿತು. ಅವಳು ಅದನ್ನು ಕಿವಿಗೆ ಹಿಡಿಯುವ ಮೊದಲೇ ಆಚೆಯಿಂದ ಮೀಟರಮ್ಮನ ದನಿ ಅಡುಗೆಮನೆಯವರೆಗೆ ಕೇಳಿಸಿತು. ನೀಲಿ ತೀರ ತೆಳುವಾಯಿತು, ದೂರದಿಂದ ಬೂದಿಯಂತೆ ಕಾಣುತ್ತದೆ, ಕಣ್ಣು ಎಲ್ಲಿಟ್ಟುಕೊಂಡು ಮಾಡಿದೆ ಎಂದು ಒಂದೇ ಸಮನೆ ಸುರಿಯುತ್ತಿತ್ತು. "ನಿಮ್ಮ ಪರದೆ ಒರೆಸಿ ಎಷ್ಟು ದಿನ ಆಯ್ತು, ಅದನ್ನ ಮೊದ್ಲು ಹೇಳಿ" ಎಂದು ಇವಳು ತಿರುಗಿಬಿದ್ದಳು. ಹುರಿಯುವ ಸದ್ದಿಗೆ ಮಾತು ಸರಿಯಾಗಿ ಕೇಳುತ್ತಿರಲಿಲ್ಲ. ನಾನು ಒಲೆ ಆರಿಸಿ, ಬಾಗಿಲಿಗೆ ಒರಗಿ ನಿಂತು, ಆ ಜಗಳವನ್ನು ಕಿವಿಯಾರೆ ಕೇಳಿದೆ.